ಆಡಿದ ಮೇಲೆ ಅಚ್ಚು

ಈ ವರ್ಷ ನನ್ನ ಎರಡು ಪುಸ್ತಕಗಳು ಹೊರಬಂದಿವೆ. ಒಂದು, ದಾವಣಗೆರೆಯ ಗಿರಣಿ ಕಾರ್ಮಿಕರ ಮನೆಗಳ ಸುತ್ತ ಬರೆದ ಕಥೆಗಳ ಸಂಕಲನ ‘ಎರಡನೇ ಪಾಳಿ’. ಇನ್ನೊಂದು, ಹಿರಿಯೂರು ಸೀಮೆಯ ಒಂದು ರೈತ ಕುಟುಂಬವನ್ನು ಕುರಿತ ನಾಟಕ ‘ಕೋಡಿ ಬಿದ್ದ ವರ್ಷ’. ಎರಡಕ್ಕೂ ಲೇಖಕಿಯೂ ನಾನೇ, ಪ್ರಕಾಶಕಿಯೂ ನಾನೇ, ಪಾರ್ಸೆಲ್ ಕಟ್ಟುವವಳೂ ನಾನೇ. ಕಥೆಗಳ ಬಗ್ಗೆ ಹೇಳಬೇಕಾದದ್ದು ಸ್ವಲ್ಪ, ಅದನ್ನು ಕೊನೆಗೆ ಹೇಳುತ್ತೇನೆ. ನಾಟಕ ಆಡಿ ಇಷ್ಟು ಕಾಲವಾದ ಮೇಲೆ ಪುಸ್ತಕವೇಕೆ ಬಂತು, ಮೊದಲೇ ತರಬಹುದಿತ್ತಲ್ಲ ಎಂದು ಹಲವರು ಕೇಳಿರುವುದರಿಂದ ಅದಕ್ಕೆ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ.

ನಾಟಕವನ್ನು ಆಡಿಸುವ ಮೊದಲು ಅಚ್ಚು ಹಾಕಿಸಬಾರದು ಎಂಬುದು ನನ್ನ ಹಟ. ಇದನ್ನು ಎಲ್ಲರೂ ಒಪ್ಪಬೇಕೆಂದೇನೂ ಇಲ್ಲ. ಓದುವುದಕ್ಕೆಂದೇ ಬರೆದ ನಾಟಕಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ನಾನು ಬೆಳೆದ ಊರಿನಲ್ಲಿ ನಾಟಕವೆಂದರೆ ಪುಸ್ತಕದ ಕಪಾಟಿನಲ್ಲಿ ಇರುವಂಥದ್ದಾಗಿರಲಿಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು, ಅದರ ಜೊತೆಗೆ ನಾಟಕ ಕಂಪನಿಗಳು ಕ್ಯಾಂಪ್ ಹಾಕುವುದು, ತಗಡಿನ ಗೋಡೆಯ ಥಿಯೇಟರಿನ ಮುಂದೆ ಬಣ್ಣದ ಬೋರ್ಡು ಏಳುವುದು ದಾವಣಗೆರೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದೇ. ಆ ಮನೆತನದ ನಟಿ ಚಿಂದೋಡಿ ಲೀಲಾ ಅವರ ಹೆಸರನ್ನು ನಮ್ಮ ಮನೆಯ ಹಿರಿಯರು ಸ್ವಂತ ಬಳಗದವರ ಹೆಸರಿನಂತೆ ಎತ್ತುತ್ತಿದ್ದರು. ಅಂಥ ಕಂಪನಿಗಳು ಓಡುತ್ತಿರುವ ನಾಟಕದ ಪ್ರತಿಯನ್ನು ಅಚ್ಚಿಗೆ ಕೊಡುವುದಿರಲಿ, ಹೊರಗಿನವರ ಕಣ್ಣಿಗೂ ಬೀಳದಂತೆ ಟ್ರಂಕಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದವು. ಅಚ್ಚಾದ ಮರುದಿನ ಇನ್ನೊಂದು ಕಂಪನಿ ಹೆಸರು ಬದಲಿಸಿ ಆಡೀತೆಂಬ ಭಯ ಅದಕ್ಕೆ ಕಾರಣ. ಆದರೆ ಆ ಭಯದಿಂದ ಬಂದ ಲಾಭವೊಂದಿತ್ತು. ಪ್ರತಿ ಕ್ಯಾಂಪಿನಲ್ಲೂ ಪ್ರೇಕ್ಷಕರು ಎಲ್ಲಿ ನಕ್ಕರು, ಎಲ್ಲಿ ಎದ್ದು ಬೀಡಿ ಸೇದಲು ಹೋದರು ಎಂಬುದನ್ನು ನೋಡಿಕೊಂಡು ಕಂಪನಿಗೆ ನಾಟಕ ಬರೆಯುವ ಕವಿಗಳು ಮಾತುಗಳನ್ನು ತಿದ್ದುತ್ತ ಹೋಗಬಹುದಿತ್ತು. ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣ, ಅಂದರೆ ಸರ್ಕಾರದ ರಂಗಸಂಸ್ಥೆ, ಇಂದು ದಾವಣಗೆರೆಗೆ ಬಂದಿರುವುದು ಈ ಪರಂಪರೆಗೆ ಸಂದ ಗೌರವ. ಆ ಕಂಪನಿ ನಾಟಕಗಳ ಎಷ್ಟೋ ಪ್ರತಿಗಳು ಟ್ರಂಕುಗಳ ಜೊತೆಯಲ್ಲೇ ಗೆದ್ದಲು ಹಿಡಿದು ಹೋದದ್ದು ಅದೇ ಪರಂಪರೆಯ ನಷ್ಟ. ಆದ್ದರಿಂದ ಅಚ್ಚೇ ಬೇಡವೆಂದು ನಾನು ಹೇಳುವುದಿಲ್ಲ. ಅಚ್ಚು ಬೇಕು, ಆಡಿದ ಮೇಲೆ ಬೇಕು.

‘ಕೋಡಿ ಬಿದ್ದ ವರ್ಷ’ದ ಮೊದಲ ಕರಡಿಗೆ ಈ ಹೆಸರೇ ಇರಲಿಲ್ಲ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರವನ್ನು, ಅಂದರೆ ನಮ್ಮ ಜನ ಈಗಲೂ ಕರೆಯುವ ಮಾರಿಕಣಿವೆಯನ್ನು, ಬಲ್ಲವರಿಗೆ ವಿಷಯ ಸುಲಭವಾಗಿ ಹಿಡಿಯುತ್ತದೆ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು, ಎಂದರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿದಿತ್ತು. ಅದಾದ ಮೇಲೆ ಎರಡು ಮೂರು ತಲೆಮಾರುಗಳು ಕೋಡಿಯ ಕಥೆಯನ್ನು ಕೇಳುತ್ತ ಬೆಳೆದವೇ ಹೊರತು ಕೋಡಿಯನ್ನು ಕಾಣಲಿಲ್ಲ. ಬರದ ವರ್ಷಗಳಲ್ಲಿ ಜಲಾಶಯದ ನೀರು ತಳಕ್ಕೆ ಇಳಿದು, ಅಚ್ಚುಕಟ್ಟಿನ ತೆಂಗಿನ ತೋಟಗಳು ತಲೆ ಬಾಗಿಸಿ ನಿಂತಾಗ, ಕೊಳವೆಬಾವಿಯ ಮೇಲೆ ಕೊಳವೆಬಾವಿ ಕೊರೆಸಿ ಸಾಲಕ್ಕೆ ಬಿದ್ದ ಮನೆಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಕರಡಿನಲ್ಲಿ ಅಂಥದೇ ಒಂದು ಮನೆ ಇತ್ತು. ಮಾವನ ಬಾಯಿಂದ 1933ರ ಕೋಡಿಯ ವರ್ಣನೆ ಕೇಳಿದ ಒಬ್ಬ ಅಜ್ಜಿ, ಕೊಳವೆಬಾವಿಯ ಸಾಲದಲ್ಲಿ ಬೆಂಗಳೂರಿಗೆ ಹೋಗಿ ಸೆಕ್ಯುರಿಟಿ ಕೆಲಸಕ್ಕೆ ನಿಂತ ಮಗ, ಒಣಗಿದ ತೋಟವನ್ನು ಮಾರುವುದೋ ಬೇಡವೋ ಎಂದು ಕಾಯುತ್ತಿರುವ ಸೊಸೆ. ಕೊನೆಯ ಅಂಕದಲ್ಲಿ ತೋಟ ಮಾರಾಟವಾಗುತ್ತಿತ್ತು. ತುಂಬದ ಕೆರೆಯ ನಾಟಕ ಅದು.

2022ರ ಸೆಪ್ಟೆಂಬರಿನಲ್ಲಿ ಕೆರೆ ತುಂಬಿತು. 89 ವರ್ಷಗಳ ಮೇಲೆ ಕೋಡಿಯಲ್ಲಿ ನೀರು ಹರಿಯುವುದನ್ನು ನೋಡಲು ಚಿತ್ರದುರ್ಗ, ಹೊಸದುರ್ಗ, ಚಳ್ಳಕೆರೆ, ಶಿರಾ ಕಡೆಗಳಿಂದ ಜನ ಟ್ರ್ಯಾಕ್ಟರು, ಬೈಕು, ಟೆಂಪೊಗಳಲ್ಲಿ ಹೊರಟರು. ಕಣಿವೆ ಮಾರಮ್ಮನ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಾನೂ ಆ ಜನರ ನಡುವೆ ಇದ್ದೆ. ಅಲ್ಲಿ ಕಂಡದ್ದನ್ನು ಬರೆಯುತ್ತ ಕುಳಿತರೆ ಇನ್ನೊಂದು ಬರಹವಾದೀತು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ನನ್ನ ನಾಟಕವನ್ನು ಆಡಲು ಒಪ್ಪಿ ತಾಲೀಮು ಶುರುಮಾಡಲಿದ್ದ ಹಿರಿಯೂರು ತಾಲ್ಲೂಕಿನ ಹಳ್ಳಿಯ ಯುವಕರು, ಕೋಡಿ ಬಿದ್ದ ವಾರವೇ ಫೋನ್ ಮಾಡಿ, ‘ಮೇಡಂ, ಇನ್ನು ಆ ಕೊನೆ ಸೀನು ನಡೆಯಲ್ಲ, ಜನ ಎದ್ದು ಹೋಗ್ತಾರೆ’ ಎಂದರು. ಅವರ ಮಾತು ನ್ಯಾಯವಾಗಿತ್ತು. ಕೆರೆ ತುಂಬಿದ್ದನ್ನು ಕಣ್ಣಾರೆ ಕಂಡ ಜನರ ಮುಂದೆ ತುಂಬದ ಕೆರೆಯ ಕಥೆಯನ್ನು ಹಾಗೆಯೇ ಆಡಲು ಬರುವುದಿಲ್ಲ. ಹಾಗೆಂದು ನೀರು ಬಂತು, ಎಲ್ಲರ ಕಷ್ಟವೂ ತೀರಿತು ಎಂದು ಆರತಿ ಎತ್ತಿ ಪರದೆ ಇಳಿಸಲೂ ನನಗೆ ಮನಸ್ಸಾಗಲಿಲ್ಲ. ಒಣಗಿ ಕಡಿಸಿದ ತೆಂಗು ನೀರು ಬಂದೊಡನೆ ಏಳುವುದಿಲ್ಲ. ಬ್ಯಾಂಕಿನ ಬಡ್ಡಿ ಕೋಡಿಯ ನೀರಿನಲ್ಲಿ ಕೊಚ್ಚಿಹೋಗುವುದಿಲ್ಲ. ಮೂರನೆಯ ಅಂಕವನ್ನು ಪೂರ್ತಿ ಬಿಟ್ಟು ಹೊಸದಾಗಿ ಬರೆದೆ. ಈಗಿನ ನಾಟಕದಲ್ಲಿ ತೋಟ ಮಾರಿದ ಮೇಲೆ ಕೆರೆ ತುಂಬುತ್ತದೆ. ಕೊಂಡವನು ಅಜ್ಜಿಯನ್ನು ಕೋಡಿ ನೋಡಲು ತನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತಾನೆ. ಆ ಪ್ರಯಾಣವೇ ಕೊನೆಯ ಅಂಕ.

ಈಗ ಹಳ್ಳಿಯ ನಾಟಕದ ಒಳಗಿನ ವ್ಯವಹಾರವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನಗರದ ಹವ್ಯಾಸಿ ತಂಡಗಳಿಗೆ ಬರೆಯುವವರಿಗೆ ಇದು ಅಷ್ಟಾಗಿ ತಿಳಿದಿರುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಪಾರ್ಟು ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ಕೈಯಿಂದ ಹಾಕುತ್ತಾನೆ. ಮುಖ್ಯ ಪಾರ್ಟಿಗೆ ಹೆಚ್ಚು, ಸಣ್ಣ ಪಾರ್ಟಿಗೆ ಕಡಿಮೆ ಎಂದು ಮೊದಲೇ ಮಾತಾಗುತ್ತದೆ. ಆ ಹಣದಲ್ಲಿ ಡ್ರಾಮಾ ಸೀನಿನ ಪರದೆ, ಲೈಟು, ಮೈಕು, ಹಾರ್ಮೋನಿಯಂ ಮಾಸ್ತರು, ತಬಲಾದವರು, ಹೊರಗಿನಿಂದ ಕರೆಸುವ ಕಲಾವಿದೆಯರು, ಇಡೀ ಊರಿಗೆ ಹಂಚುವ ಹ್ಯಾಂಡ್‌ಬಿಲ್ಲು ಎಲ್ಲವೂ ಆಗಬೇಕು. ಇಷ್ಟು ಹಣ ಹಾಕಿದ ಮೇಲೆ ‘ನನ್ನ ಪಾರ್ಟಿಗೆ ಹಾಡೇ ಇಲ್ಲವಲ್ಲ’ ಎಂದು ಒಬ್ಬ ಕೇಳಿದರೆ ಅದು ಕಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಲೆಕ್ಕದ ಪ್ರಶ್ನೆಯಾಗುತ್ತದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳಾದ್ದರಿಂದ ಈ ಲೆಕ್ಕ ನನಗೆ ಬೇಗ ಅರ್ಥವಾಯಿತು. ನನ್ನ ನಾಟಕದಲ್ಲಿ ಹೀರೋ ಎನ್ನುವವನಿಲ್ಲ. ಮನೆಯವರೆಲ್ಲರ ಮಾತು ಹೆಚ್ಚುಕಡಿಮೆ ಒಂದೇ ತೂಕದ್ದು. ಹುಡುಗರು ಇದನ್ನು ಓದಿ ನೋಡಿ, ಹಾಗಾದರೆ ಎಲ್ಲರೂ ಸಮನಾಗಿ ಹಣ ಹಾಕೋಣ ಎಂದು ತೀರ್ಮಾನಿಸಿದರು. ಸಮನಾಗಿ ಹಾಕಿದ್ದಕ್ಕೆ ಎಲ್ಲರಿಗೂ ಸಮನಾಗಿ ಹಾಡೂ ಬೇಕಾಯಿತು! ಕೊಳವೆಬಾವಿ ಕೊರೆಯುವ ಲಾರಿಯವನಿಗೂ ಒಂದು ಹಾಡು ಬರೆದುಕೊಟ್ಟೆ. ಬರೆಯುವಾಗ ಬೇಸರದಿಂದಲೇ ಬರೆದೆ. ಆದರೆ ಪ್ರಯೋಗದ ರಾತ್ರಿ ‘ಒನ್ಸ್ ಮೋರ್’ ಬಿದ್ದದ್ದು ಆ ಹಾಡಿಗೇ.

ತಾಲೀಮು ನಡೆದದ್ದು ಊರ ಸಮುದಾಯ ಭವನದಲ್ಲಿ, ರಾತ್ರಿ ಊಟವಾದ ಮೇಲೆ. ಪ್ರತಿಯೊಬ್ಬನ ಕೈಯಲ್ಲೂ ಒಂದು ನೋಟ್‌ಬುಕ್ಕು. ಅದರಲ್ಲಿ ಅವನ ಮಾತುಗಳು ಮಾತ್ರ ಇರುತ್ತವೆ, ಪ್ರತಿ ಮಾತಿನ ಮೇಲೆ ಹಿಂದಿನವನ ಕೊನೆಯ ಎರಡು ಮೂರು ಪದ ಕೆಂಪು ಶಾಯಿಯಲ್ಲಿ ಇರುತ್ತವೆ. ಇಡೀ ನಾಟಕದ ಪ್ರತಿ ಇರುವುದು ನಾಟಕ ಕಲಿಸುವ ಮಾಸ್ತರ ಕೈಯಲ್ಲಿ ಒಂದೇ. ಹೀಗಾಗಿ ಒಬ್ಬ ನಟ ತನ್ನ ಮಾತಿನ ಕೊನೆಯ ಪದವನ್ನು ಬದಲಿಸಿದರೆ ಎದುರಿನವನು ತೆರೆದ ಬಾಯಿ ತೆರೆದಂತೆಯೇ ನಿಲ್ಲುತ್ತಾನೆ. ಮಾತಿನ ನಡುವೆ ಏನು ಮಾಡಿದರೂ ನಡೆಯುತ್ತದೆ, ಕೊನೆಯನ್ನು ಮುಟ್ಟಬಾರದು. ಸಂಭಾಷಣೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಬೇರೆಲ್ಲೂ ಕಲಿತಿಲ್ಲ.

ಅಜ್ಜಿಯ ಮೈದುನನ ಪಾರ್ಟು ಮಾಡಿದ ಕುರಿ ಸಾಕುವ ಹಿರಿಯರೊಬ್ಬರಿಗೆ ನಾನು ಬರೆದುಕೊಟ್ಟಿದ್ದ ಮಾತು ಹೀಗಿತ್ತು: ‘ಕೆರೆ ತುಂಬಿತೆಂಬ ಸಂತೋಷಕ್ಕಿಂತ, ಅದನ್ನು ಕಾಣಲು ಅಣ್ಣ ಉಳಿಯಲಿಲ್ಲವಲ್ಲ ಎಂಬ ಸಂಕಟವೇ ನನಗೆ ದೊಡ್ಡದಾಗಿದೆ, ಅತ್ತಿಗೆ.’ ಕೆಲವು ರಾತ್ರಿ ಅವರು ಇದನ್ನು ಹಾಗೆಯೇ ಒಪ್ಪಿಸಿದರು. ಒಂದು ರಾತ್ರಿ ಬೀಡಿ ಆರಿಸಿ ಬಂದು ನಿಂತು, ‘ನೀರೇನೋ ಬಂತು ಅತ್ತಿಗೆ. ನೋಡೋನು ಎಲ್ಲವ್ನೆ?’ ಎಂದು ಬಿಟ್ಟು ತಿರುಗಿ ನಿಂತರು. ಅಜ್ಜಿಯ ಪಾರ್ಟಿನ ಕಲಾವಿದೆ ತನ್ನ ನೋಟ್‌ಬುಕ್ಕಿನ ಕೆಂಪು ಶಾಯಿಯನ್ನು ನೋಡಲೂ ಇಲ್ಲ, ಸುಮ್ಮನೆ ಕುಳಿತರು. ಮಾಸ್ತರು ನನ್ನ ಮುಖ ನೋಡಿದರು. ಪುಸ್ತಕದ 94ನೆಯ ಪುಟದಲ್ಲಿ ಈಗ ಇರುವುದು ಆ ಹಿರಿಯರ ಮಾತು. ಮೊದಲೇ ಅಚ್ಚಾಗಿದ್ದರೆ ನನ್ನ ಮಾತು ಅಲ್ಲಿ ಶಾಶ್ವತವಾಗಿ ಕುಳಿತಿರುತ್ತಿತ್ತು, ಅವರ ಮಾತು ಒಂದು ರಾತ್ರಿಯ ಗಾಳಿಗೆ ಹೋಗುತ್ತಿತ್ತು. ಆ ಬಳಿಕ 2025ರ ಜನವರಿಯಲ್ಲಿ ಕೆರೆ ಮತ್ತೆ ಕೋಡಿ ಬಿದ್ದಾಗ ತಂಡದವರು ತೋಟ ಕೊಂಡವನ ಬಾಯಿಗೆ ‘ಇನ್ಮೇಲೆ ಇದೂ ಮಾಮೂಲೇ ಆಗ್ತದೆ ಬಿಡಜ್ಜಿ’ ಎಂಬ ಮಾತನ್ನು ಸೇರಿಸಿದರು. ಅದನ್ನೂ ಉಳಿಸಿಕೊಂಡೆ. ಅಪರೂಪವಾಗಿದ್ದದ್ದು ಮಾಮೂಲಾಗುವಾಗ ಕಾದು ಕುಳಿತವರ ಪಾಡೇನು ಎಂಬ ಪ್ರಶ್ನೆ ಆ ಹಗುರವಾದ ಮಾತಿನೊಳಗಿದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಶಿಸ್ತೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅವರು ಕಟ್ಟಿದ ಶಿವಸಂಚಾರ ತಂಡ 1997ರಿಂದ ಪ್ರತಿ ವರ್ಷ ಹೊಸ ನಾಟಕಗಳನ್ನು ಸಿದ್ಧಪಡಿಸಿಕೊಂಡು ನಾಡಿನ ಉದ್ದಗಲ ತಿರುಗುತ್ತದೆ. ಅಲ್ಲಿ ಪಠ್ಯ ಗಟ್ಟಿ, ತಾಲೀಮು ಗಟ್ಟಿ, ಊರಿಂದ ಊರಿಗೆ ಮಾತು ಬದಲಾಗುವುದಿಲ್ಲ. ನವೆಂಬರಿನ ನಾಟಕೋತ್ಸವಕ್ಕೆ ಹೋದಾಗಲೆಲ್ಲ ಆ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಅಕ್ಕಪಕ್ಕದ ಹಳ್ಳಿಯ ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೊನೆಯವರೆಗೂ ಕುಳಿತಿರುವುದನ್ನು ಕಂಡು, ಗಟ್ಟಿ ಪಠ್ಯಕ್ಕೂ ಅದರದೇ ಬಲವಿದೆ ಎಂದುಕೊಂಡಿದ್ದೇನೆ. ಆದರೆ ಆ ಶಿಸ್ತಿಗೆ ವರ್ಷವಿಡೀ ಜೊತೆಯಲ್ಲಿ ಉಳಿಯುವ ಕಲಾವಿದರು ಬೇಕು. ಹಗಲು ಹೊಲದಲ್ಲಿದ್ದು ರಾತ್ರಿ ಪಾರ್ಟು ಮಾಡುವವರಿಗೆ ಬರೆಯುವಾಗ ಪಠ್ಯವೇ ಸ್ವಲ್ಪ ಬಾಗಬೇಕು.

ಇನ್ನು ಪುಸ್ತಕದ ಲೆಕ್ಕ. ನಾಟಕ 1/8 ಡೆಮಿ ಆಕಾರದಲ್ಲಿ 112 ಪುಟ, ಎಂದರೆ ಒಂದೇ ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟದ ಫಾರಂ ಏಳು. ಎಂಟನೆಯ ಫಾರಂಗೆ ಹೋದರೆ ಖರ್ಚು ಏರುವುದರಿಂದ ಏಳರೊಳಗೆ ನಿಲ್ಲಿಸಲು ದೊಡ್ಡವರ ಮುನ್ನುಡಿಯನ್ನು ಕೈಬಿಟ್ಟೆ. ಆ ಜಾಗದಲ್ಲಿ ಮೊದಲ ಪ್ರಯೋಗದ ಪಾತ್ರಧಾರಿಗಳು, ವಾದ್ಯದವರು, ಸೀನಿನವರು, ಲೈಟಿನವರು ಎಲ್ಲರ ಹೆಸರೂ ಇವೆ. ಕರಡು ‘ನುಡಿ’ ತಂತ್ರಾಂಶದಲ್ಲಿ ಟೈಪಾಗಿತ್ತು. ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತುಗಳು ಎಲ್ಲೆಲ್ಲಿಗೋ ಹೋಗಿ ಕುಳಿತವು. ಡಿಟಿಪಿಯವರೂ ನಾನೂ ಒಂದೊಂದನ್ನೇ ಹುಡುಕಿ ಮನೆಗೆ ಕರೆತಂದೆವು. ಐನೂರು ಪ್ರತಿಗಳನ್ನು ಆಫ್‌ಸೆಟ್‌ನಲ್ಲಿ ಹಾಕಿಸಿದ್ದೇನೆ. ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ ಆದ್ದರಿಂದ ಸಾವಿರ ಹಾಕಿಸಿದರೆ ಪ್ರತಿಯೊಂದರ ಬೆಲೆ ಇಳಿಯುತ್ತದೆ ಎಂದು ಪ್ರೆಸ್ಸಿನವರು ತಿಳಿಹೇಳಿದರು. ಅದು ನಿಜ. ಆದರೆ ಉಳಿದ ಐನೂರು ನನ್ನ ಮಂಚದ ಕೆಳಗೆ ಇರಬೇಕಾಗುತ್ತದೆ ಎಂಬುದೂ ನಿಜ.

ಸ್ವಂತವಾಗಿ ಪ್ರಕಟಿಸಲು ಹೊರಟಿರುವ ನಮ್ಮ ಭಾಗದ ಹೊಸಬರಿಗೆ ಎರಡು ಮಾತು. ಐಎಸ್‌ಬಿಎನ್ ಎಂಬ ಪುಸ್ತಕ ಗುರುತಿನ ಸಂಖ್ಯೆಗೆ ಯಾರಿಗೂ ದುಡ್ಡು ಕೊಡಬೇಡಿ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ಎರಡನೆಯದು, ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ ಮತ್ತು ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ನಮ್ಮದೇ ಖರ್ಚಿನಲ್ಲಿ ಕಳಿಸಬೇಕು. ಇದನ್ನು ದಂಡವೆಂದು ಭಾವಿಸುವವರಿದ್ದಾರೆ. ಹಿರಿಯೂರಿನ ಕುರಿ ಸಾಕುವವರ ಮಾತು ಕೋಲ್ಕತ್ತದ ಕಪಾಟಿನಲ್ಲಿ ಭದ್ರವಾಗಿರುತ್ತದೆ ಎಂಬುದು ನನಗಂತೂ ಖುಷಿಯ ಸಂಗತಿ.

ಮಾರಾಟದ ಬಗ್ಗೆ ಹೆಚ್ಚು ಹೇಳಲಾರೆ. ಅಂಗಡಿಗಳಿಗೆ ಶೇಕಡ ಮೂವತ್ತರಿಂದ ನಲವತ್ತು ಕಮಿಷನ್ ಬಿಡುವುದು ವಾಡಿಕೆ. ಹಿಂದೊಮ್ಮೆ ನನ್ನಿಂದ ಪ್ರತಿಗಳನ್ನು ಪಡೆದ ವಿತರಕರೊಬ್ಬರು ಹಣವನ್ನೂ ಕೊಡಲಿಲ್ಲ, ಪುಸ್ತಕವನ್ನೂ ಹಿಂದಿರುಗಿಸಲಿಲ್ಲ. ಆದ್ದರಿಂದ ಈ ಸಲ ನೇರ ಅಂಚೆಯನ್ನೇ ನಂಬಿದ್ದೇನೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದ್ದರೂ, ಅದೇ ವರ್ಷದ ಮೇ ತಿಂಗಳಲ್ಲಿ ಪುಸ್ತಕಗಳಿಗೆಂದು ಜ್ಞಾನ ಪೋಸ್ಟ್ ಬಂದಿರುವುದು ಸಮಾಧಾನ. 300 ಗ್ರಾಂವರೆಗೆ 20 ರೂಪಾಯಿ, ಅದರ ಮೇಲೆ ತೆರಿಗೆ. ನಾಟಕವೊಂದೇ ಆದರೆ ಈ ತೂಕದೊಳಗೆ ಆರಾಮವಾಗಿ ಹೋಗುತ್ತದೆ. ಕಥೆಗಳನ್ನೂ ಜೊತೆಗಿಟ್ಟರೆ ಮುಂದಿನ ದರಕ್ಕೆ ಏರುತ್ತದೆ, ಆ ವ್ಯತ್ಯಾಸವನ್ನು ನಾನೇ ಭರಿಸುತ್ತೇನೆ. ನಾಟಕದ ಬೆಲೆ 130 ರೂಪಾಯಿ, ಕಥೆಗಳದು 180.

ಆಡುವವರು ಪದೇ ಪದೇ ಕೇಳುವ ಪ್ರಶ್ನೆ ಅನುಮತಿಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲೇ ಒಂದು ವಿನಾಯಿತಿ ಇದೆ. ಹವ್ಯಾಸಿ ಸಂಘವೊಂದು ಟಿಕೆಟ್ ಇಡದೆ ಜನರ ಮುಂದೆ ನಾಟಕ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥವಾಗಿ ಆಡಿದರೆ, ಅದು ಹಕ್ಕಿನ ಉಲ್ಲಂಘನೆಯಾಗುವುದಿಲ್ಲ. ಎಂದರೆ ಊರ ಜಾತ್ರೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಪುಕ್ಕಟೆಯಾಗಿ ಆಡುವ ತಂಡ ನನ್ನನ್ನು ಕೇಳಲೇಬೇಕೆಂಬ ನಿಯಮವಿಲ್ಲ. ಟಿಕೆಟ್ ಇಟ್ಟು ಆಡುವವರು ಕೇಳಬೇಕು, ಗೌರವಧನವನ್ನು ಮಾತಾಡಿ ಗೊತ್ತುಮಾಡೋಣ. ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನು ಅದೇ ಕಾಯ್ದೆಯ 57ನೆಯ ಕಲಮು ಲೇಖಕರಿಗೆ ಕೊಟ್ಟಿದೆ. ಮಾತು ಬದಲಿಸಿದ್ದಕ್ಕಾಗಿ ನಾನು ಆ ಕಲಮನ್ನು ಹಿಡಿದು ಬರುವವಳಲ್ಲ. ಒಂದೇ ಒಂದು ಕಡೆ ಮಾತ್ರ ತಕರಾರಿದೆ: ತೋಟ ಕೊಂಡವನನ್ನು ಖಳನಾಯಕನನ್ನಾಗಿ ಮಾಡಬೇಡಿ. ಅವನಿಗೆ ಕಪ್ಪು ಕನ್ನಡಕ ತೊಡಿಸಿ ಅಟ್ಟಹಾಸ ಮಾಡಿಸಿದ ಪ್ರಯೋಗವೊಂದನ್ನು ನೋಡಿದ್ದೇನೆ. ಚಪ್ಪಾಳೆ ಜೋರಾಗಿ ಬಿತ್ತು, ನಾಟಕ ಅಲ್ಲೇ ಸತ್ತಿತು. ಅವನೂ ಸಾಲ ಮಾಡಿಯೇ ತೋಟ ಕೊಂಡವನು. ಎರಡನೆಯ ಅಂಕದಲ್ಲಿ ಅದಕ್ಕೆಂದೇ ಒಂದು ದೃಶ್ಯವಿದೆ. ಹೊತ್ತಾಯಿತೆಂದು ಎಲ್ಲರೂ ಮೊದಲು ಕತ್ತರಿಸುವುದು ಅದನ್ನೇ.

ನಾಟಕದ ನಡುವೆ ಬಂಧುಗಳು ವೇದಿಕೆಗೆ ಹತ್ತಿ ಪಾತ್ರಧಾರಿಗೆ ಹಾರ ಹಾಕಿ, ನೋಟು ಕೊಟ್ಟು, ಮೈಕಿನಲ್ಲಿ ಹೆಸರು ಕೂಗಿಸುವ ಪದ್ಧತಿಗೂ ಪುಸ್ತಕದಲ್ಲಿ ಜಾಗ ಮಾಡಿದ್ದೇನೆ. ಇದು ರಸಭಂಗವೆಂದು ನಗರದವರು ಮೂಗು ಮುರಿಯುತ್ತಾರೆ. ನನಗೂ ಮೊದಮೊದಲು ಹಾಗೆಯೇ ಅನಿಸುತ್ತಿತ್ತು. ಆದರೆ ಕೈಯಿಂದ ಹಣ ಹಾಕಿ ಪಾರ್ಟು ಕಟ್ಟಿದವನಿಗೆ ಊರು ಹಿಂದಿರುಗಿಸುವುದು ಅಷ್ಟನ್ನೇ. ಎರಡು ಕಡೆ, ಬಸ್‌ಸ್ಟ್ಯಾಂಡಿನ ದೃಶ್ಯದಲ್ಲಿ ಮತ್ತು ಬ್ಯಾಂಕಿನ ಸರತಿಯ ದೃಶ್ಯದಲ್ಲಿ, ಪಾತ್ರಗಳು ಹೇಗೂ ಕಾಯುತ್ತ ನಿಂತಿರುತ್ತವೆ. ಹಾರ ಹಾಕುವವರು ಅಲ್ಲಿ ಬಂದು ಹೋದರೆ ಕಥೆಗೆ ಏಟಾಗುವುದಿಲ್ಲ ಎಂದು ರಂಗಸೂಚನೆಯಲ್ಲೇ ಬರೆದಿದ್ದೇನೆ. ಬೇರೆ ಯಾವ ನಾಟಕ ಪುಸ್ತಕದಲ್ಲೂ ಇಂಥ ರಂಗಸೂಚನೆಯನ್ನು ನಾನು ಓದಿಲ್ಲ.

‘ಎರಡನೇ ಪಾಳಿ’ಯ ಕಥೆಗಳು ಹಲವು ವರ್ಷಗಳಲ್ಲಿ ಬರೆದವು, 160 ಪುಟ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವನ್ನು ಹಾಡಿ ಹೊಗಳುವ ಕಥೆಗಳನ್ನು ಅಲ್ಲಿ ಹುಡುಕಬೇಡಿ. ಗಿರಣಿಗಳು ನಿಂತ ಮೇಲೆ ಅದೇ ಓಣಿಗಳಲ್ಲಿ ಮಂಡಕ್ಕಿ ಭಟ್ಟಿಗೆ, ಹೋಟೆಲಿಗೆ, ಆಟೊಗೆ, ಗಾರೆ ಕೆಲಸಕ್ಕೆ ಹೋದವರ ಮನೆಗಳಲ್ಲಿ ಏನಾಯಿತು ಎಂಬುದಷ್ಟೇ ನನ್ನ ಆಸಕ್ತಿ. ಪಾಳಿ ಮುಗಿಸಿ ಬಂದ ಗಂಡಸರು ಹಗಲು ಮಲಗುತ್ತಿದ್ದ ಮನೆಗಳಲ್ಲಿ ಮಕ್ಕಳು ಪಿಸುಮಾತಿನಲ್ಲೇ ಬೆಳೆದರು. ಗಿರಣಿ ಮುಚ್ಚಿದ ಮೇಲೂ ಆ ಅಭ್ಯಾಸ ಬಿಡದ ಒಂದು ಮನೆಯ ಕಥೆ ಸಂಕಲನದ ಮೊದಲನೆಯದು, ನನಗೆ ಹೆಚ್ಚು ಇಷ್ಟವಾದದ್ದೂ ಅದೇ. ಕೊನೆಯ ಕಥೆ ಸ್ವಲ್ಪ ಉದ್ದವಾಯಿತೆಂದು ಓದಿದ ಇಬ್ಬರು ಮೂವರು ಹೇಳಿದ್ದಾರೆ. ಅವರ ಮಾತಿಗೆ ನಾನು ಒಪ್ಪುವುದಿಲ್ಲ.

ಮುಂದಿನ ನಾಟಕ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಕುರಿತದ್ದು. ಕೆರೆ ಕಟ್ಟಿಸಿದಳೆನ್ನುವ ಶಾಂತವ್ವನ ಐತಿಹ್ಯವನ್ನು ಎಲ್ಲರೂ ಬಲ್ಲರು, ಅದನ್ನು ಮತ್ತೆ ಹೇಳುವ ಉದ್ದೇಶವಿಲ್ಲ. ಆ ಕೆರೆಯ ನೀರು ಕೊಳವೆಯಲ್ಲಿ ಚಿತ್ರದುರ್ಗದ ನಲ್ಲಿಗಳವರೆಗೂ ಹೋಗುತ್ತದೆ. ಬೆಳಗಿನ ಜಾವ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವ ದುರ್ಗದ ಹೆಂಗಸರಿಂದ ನಾಟಕ ಶುರುವಾಗಬೇಕೆಂದು ಮೊದಲ ಅಂಕವನ್ನು ಬರೆದಿಟ್ಟಿದ್ದೇನೆ. ಪೂರ್ತಿ ಬರೆದ ಮೇಲೆ ತಂಡ ಹುಡುಕುವ ಬದಲು, ಈ ಸಲ ಮೊದಲ ಅಂಕವನ್ನೇ ಒಂದು ಹೆಣ್ಣುಮಕ್ಕಳ ಸಂಘಕ್ಕೆ ಕೊಟ್ಟು ಓದಿಸಬೇಕೆಂದಿದ್ದೇನೆ. ನಾಟಕವೆಂದರೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ಎಂಬ ರೂಢಿ ಇರುವ ನಮ್ಮ ಹಳ್ಳಿಗಳಲ್ಲಿ ಊರ ಹೆಣ್ಣುಮಕ್ಕಳೇ ಪಾರ್ಟು ಕಟ್ಟುತ್ತಾರೋ ಇಲ್ಲವೋ ಕಾದು ನೋಡಬೇಕು. ಕಟ್ಟಿದರೆ ಎರಡನೆಯ ಅಂಕವನ್ನು ಅವರನ್ನು ನೋಡಿಕೊಂಡು ಬರೆಯುತ್ತೇನೆ.

‘ಕೋಡಿ ಬಿದ್ದ ವರ್ಷ’ವನ್ನು ಆಡುವ ತಂಡಗಳಿಗೆ ಐದು ಪ್ರತಿಗಳನ್ನು ಅರ್ಧ ಬೆಲೆಗೆ ಕೊಡುತ್ತೇನೆ. ಪುಟಗಳ ಬಲಗಡೆ ಅಂಚನ್ನು ಮಾಮೂಲಿಗಿಂತ ಅಗಲವಾಗಿ ಬಿಡಿಸಿದ್ದು ಮಾಸ್ತರುಗಳು ಬರೆದುಕೊಳ್ಳಲಿ ಎಂದೇ. ಆಡಿ ಮುಗಿಸಿದ ಮೇಲೆ, ಬರೆದು ಗೀಚಿದ ಆ ಒಂದು ಪ್ರತಿಯನ್ನು ನನಗೆ ಕಳಿಸಿಕೊಟ್ಟರೆ ಅದಕ್ಕೆ ಬದಲು ಹೊಸ ಪ್ರತಿಯನ್ನು ನನ್ನ ಅಂಚೆ ಖರ್ಚಿನಲ್ಲೇ ಕಳಿಸುತ್ತೇನೆ. ಹ್ಯಾಂಡ್‌ಬಿಲ್ಲನ್ನೂ ಅದರೊಳಗೆ ಮಡಿಸಿಡಿ. ಎರಡನೆಯ ಮುದ್ರಣದಲ್ಲಿ ಹೆಸರುಗಳನ್ನು ಸೇರಿಸಲು ಬೇಕಾಗುತ್ತದೆ.